ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಆಪರೇಷನ್ ಆಗಿ ಮನೆಗೆ ಬಂದ ಮೇಲೆ: ನೋವಿನ ಗುಳಿಗೆಯನ್ನು ಮೆಲ್ಲಗೆ ಬಿಡುವ ದಾರಿ

ಆಪರೇಷನ್ ಆಗಿ 18ನೇ ದಿನ. ಮನೆಗೆ ಬಂದು ವಾರವಾಗಿತ್ತು. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ನಮ್ಮ ಮನೆಯವರಿಗೆ ಮೂಗು ಸೋರತೊಡಗಿತು, ಕಣ್ಣಲ್ಲಿ ನೀರು, ಮೇಲಿಂದ ಮೇಲೆ ಆಕಳಿಕೆ. ಮಳೆಗಾಲದ ನೆಗಡಿ ಅಂದುಕೊಂಡು ಕಷಾಯ ಮಾಡಿಕೊಟ್ಟೆ. ರಾತ್ರಿ ಹನ್ನೊಂದರ ಹೊತ್ತಿಗೆ ಕಾಲನ್ನು ಒಂದು ಕಡೆ ಇಡಲಾಗದೆ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ನಡೆಯತೊಡಗಿದರು. ಮೈಯೆಲ್ಲ ಬೆವರು. ತೋಳಿನ ಕೂದಲು ನಿಮಿರಿ ನಿಂತಿತ್ತು. ಒಳಗಿನ ಹೊಲಿಗೆ ಬಿಚ್ಚಿತೋ, ಸೋಂಕಾಯಿತೋ ಅಂತ ನನಗೆ ಕೈಕಾಲೇ ಆಡಲಿಲ್ಲ. ಮೂರು ಗಂಟೆಗೆ ಅವರೇ ಬಾಯಿಬಿಟ್ಟರು. ನಿನ್ನೆ ಬೆಳಗ್ಗೆಯಿಂದ ನೋವಿನ ಗುಳಿಗೆ ನುಂಗಿರಲಿಲ್ಲ.

ಹಿಂದಿನ ದಿನ ನೋಡಲು ಬಂದಿದ್ದ ಕಾಕಾ ಪ್ರೀತಿಯಿಂದಲೇ ಹೇಳಿ ಹೋಗಿದ್ದರು: "ಇಷ್ಟ ಗುಳಿಗಿ ನುಂಗಿದ್ರ ಚಟ ಹತ್ತತೈತಿ, ಬಿಟ್ಟುಬಿಡಪಾ." ಇವರಿಗೆ ಆ ಮಾತು ಚುಚ್ಚಿತ್ತು. ಒಂದೇ ಏಟಿಗೆ ಬಿಟ್ಟುಬಿಟ್ಟರು.

ಆ ರಾತ್ರಿ ನಮಗೆ ಗೊತ್ತಿರಬೇಕಿದ್ದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಔಷಧಿಯ ಪ್ರಮಾಣ ಬದಲಿಸುವುದು ಯಾವತ್ತೂ ನಿಮ್ಮ ಡಾಕ್ಟರ ಕೆಲಸ. ಆದರೆ ಮನೆಯಲ್ಲಿ ಏನು ನೋಡಬೇಕು, ಏನು ಬರೆದಿಡಬೇಕು, ಯಾವಾಗ ಓಡಬೇಕು ಅನ್ನುವುದು ಮನೆಯವರ ಕೆಲಸವೇ.

ದವಾಖಾನೆಯಿಂದ ಹೊರಡುವ ಮೊದಲು

ಡಿಸ್‌ಚಾರ್ಜ್ ದಿನ ಬಿಲ್ಲು, ಆಯುಷ್ಮಾನ್ ಕಾರ್ಡಿನ ಕಾಗದ, ಗಾಡಿಯ ಗದ್ದಲದಲ್ಲಿ ಮುಖ್ಯವಾದದ್ದನ್ನು ಕೇಳುವುದು ಉಳಿದುಹೋಗುತ್ತದೆ. ಹಿಂದಿನ ದಿನವೇ ಕೂತು ಕೇಳಿಕೊಳ್ಳಿ.

ಮೊದಲನೆಯದು, ಆದ ಆಪರೇಷನ್ ಯಾವುದು? ವಿಪಲ್ ಆಪರೇಷನ್‌ನಲ್ಲಿ ಪ್ಯಾಂಕ್ರಿಯಾಸ್‌ನ ತಲೆಯ ಭಾಗ, ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಸ್ವಲ್ಪ ಭಾಗ ತೆಗೆಯುತ್ತಾರೆ. ಕೆಲವರಿಗೆ ಹೊಟ್ಟೆಚೀಲದ ಒಂದು ತುಂಡೂ ಹೋಗುತ್ತದೆ. ಉಳಿದದ್ದನ್ನೆಲ್ಲ ಕರುಳಿಗೆ ಮತ್ತೆ ಜೋಡಿಸುತ್ತಾರೆ. ಬಾಲದ ಭಾಗ ತೆಗೆದಿದ್ದರೆ ಗುಲ್ಮವನ್ನೂ (ಸ್ಪ್ಲೀನ್) ತೆಗೆದರೇ ಅಂತ ಕೇಳಿ. ಗುಲ್ಮ ಇಲ್ಲದವರಿಗೆ ನ್ಯುಮೋಕಾಕಲ್, ಮೆನಿಂಜೋಕಾಕಲ್ ಮುಂತಾದ ಲಸಿಕೆಗಳು ಬೇಕು. ಅವರಿಗೆ ಸಣ್ಣ ಜ್ವರ ಬಂದರೂ ತಡ ಮಾಡಬಾರದು. ಪ್ಯಾಂಕ್ರಿಯಾಸ್ ಪೂರ್ತಿ ತೆಗೆದಿದ್ದರೆ ಇನ್ಸುಲಿನ್ ಜೀವನಪೂರ್ತಿ.

ಎರಡನೆಯದು ಇನ್ನೂ ಮುಖ್ಯ: "ಈ ನೋವಿನ ಔಷಧಿಯನ್ನು ಕಡಿಮೆ ಮಾಡಿಸುವವರು ಯಾರು?" ಸರ್ಜನ್ ಗಾಯ ನೋಡುತ್ತಾರೆ, ಫಿಜಿಷಿಯನ್ ಶುಗರ್ ನೋಡುತ್ತಾರೆ. ನೋವಿನ ಗುಳಿಗೆ ಇಬ್ಬರ ನಡುವೆ ಬಿದ್ದುಹೋಗುತ್ತದೆ. ನಮಗೆ ಆದದ್ದೂ ಇದೇ. ಒಬ್ಬ ಡಾಕ್ಟರ ಹೆಸರು, ಫೋನ್ ನಂಬರು, ಕಡಿಮೆ ಮಾಡುವ ಪಟ್ಟಿ ಕಾಗದದ ಮೇಲೆ ಬರಲಿ.

ಮೂರನೆಯದು ನೀವು ಹೇಳಬೇಕಾದದ್ದು. ಆಪರೇಷನ್‌ಗೂ ಮೊದಲು ಎಷ್ಟು ದಿನದಿಂದ, ಎಷ್ಟು ಗುಳಿಗೆ ತಗೊಳ್ಳುತ್ತಿದ್ದಿರಿ ಅಂತ ಮುಚ್ಚಿಡದೆ ಹೇಳಿ. ನಮ್ಮವರಿಗೆ ಬಹಳ ವರ್ಷದ ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸ್ ಉರಿಯೂತ. ಎರಡು ವರ್ಷದಿಂದ ಟ್ರಮಡಾಲ್ ಅನ್ನುವ ನೋವಿನ ಗುಳಿಗೆ ನಡೆದಿತ್ತು. ಅದನ್ನು ಅರ್ಧಕ್ಕರ್ಧ ಕಡಿಮೆ ಹೇಳಿದ್ದರು, ಸಂಕೋಚಕ್ಕೆ. ಕುಡಿತ ಇದ್ದರೆ, ಆಲ್ಪ್ರಜೋಲಾಂ, ಕ್ಲೋನಜೆಪಾಂನಂಥ ನಿದ್ದೆ ಗುಳಿಗೆ ಇದ್ದರೆ ಅದನ್ನೂ ಹೇಳಲೇಬೇಕು. ಅವುಗಳನ್ನು ಫಕ್ಕನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ನೋವಿನ ಗುಳಿಗೆಯ ಜೊತೆ ಸೇರಿದರೆ ಉಸಿರಾಟ ಕುಗ್ಗಬಹುದು.

ಇದು ಚಟವೇ?

ಮನೆಯ ಎಲ್ಲರೂ ಒಟ್ಟಿಗೆ ಕೂತು ಓದಬೇಕಾದ ಭಾಗ ಇದು.

ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್, ಬುಪ್ರೆನಾರ್ಫಿನ್. ಇವೆಲ್ಲ ಒಪಿಯಾಯ್ಡ್ ಗುಂಪಿನವು. ಕೆಲವು ವಾರ ದಿನಾ ತಗೊಂಡರೆ ಯಾರ ಮೈಯಾದರೂ ಅದಕ್ಕೆ ಹೊಂದಿಕೊಳ್ಳುತ್ತದೆ. ಸಾಧು ಸಂತರಿಗೂ ಅಷ್ಟೇ. ಔಷಧಿ ಫಕ್ಕನೆ ನಿಂತಾಗ, ಅದು ಇಷ್ಟು ದಿನ ತಗ್ಗಿಸಿಟ್ಟಿದ್ದ ನರಗಳ ಗದ್ದಲ ಒಮ್ಮೆಲೇ ಎದ್ದು ನಿಲ್ಲುತ್ತದೆ. ಮೂಗು ಸೋರುವುದು, ಆಕಳಿಕೆ, ರೋಮ ನಿಮಿರುವುದು, ಬೆವರು, ಹೊಟ್ಟೆ ನುಲಿತ, ಭೇದಿ, ಕಾಲಿನ ಚಡಪಡಿಕೆ, ನಿದ್ದೆ ಇಲ್ಲದಿರುವುದು. ಇದಕ್ಕೆ ವಿದ್‌ಡ್ರಾವಲ್ ಅನ್ನುತ್ತಾರೆ. ಮೈ ಔಷಧಿಯ ಮೇಲೆ ಅವಲಂಬಿಸಿದೆ ಅನ್ನುವುದಕ್ಕೆ ಇದು ಗುರುತು, ಅಷ್ಟೇ. ನೋವು ಇಲ್ಲದಿದ್ದರೂ ಅದರ ಹಿಂದೆ ಹೋಗುವುದು, ಕದ್ದು ತಗೊಳ್ಳುವುದು, ಹಾನಿ ಕಂಡರೂ ಬಿಡಲಾಗದಿರುವುದು: ಅದು ಬೇರೆ ಕಾಯಿಲೆ. ಅದಕ್ಕೂ ಚಿಕಿತ್ಸೆ ಇದೆ. ಎರಡರಲ್ಲಿ ಯಾವುದಕ್ಕೂ ಬೈಗುಳ ಔಷಧಿಯಾಗುವುದಿಲ್ಲ.

ಕಾಕಾನಿಗೆ ಇದನ್ನು ಹೇಳಿದಾಗ ಬಹಳ ನೊಂದುಕೊಂಡರು. ಆಮೇಲೆ ದಿನಾ ಸಂಜೆ ಬಂದು ಇವರನ್ನು ನಡೆಸಿಕೊಂಡು ಹೋಗುತ್ತಿದ್ದವರೂ ಅವರೇ.

ಒಂದು ನೂರು ಪುಟದ ಬುಕ್ಕು

ಮನೆಗೆ ಬಂದ ದಿನವೇ ಶುರು ಮಾಡಿ. ಗುಳಿಗೆಯ ಹೆಸರು, ಎಷ್ಟು ಎಂಜಿ, ಎಷ್ಟು ಗಂಟೆಗೆ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು. ಜ್ವರ, ಶುಗರ್, ತಿಂದದ್ದು, ಸಂಡಾಸು ಹೇಗಾಯಿತು. ವಾರಕ್ಕೊಮ್ಮೆ ತೂಕ. ನೋವಿನ ಅಂಕಿಯ ಪಕ್ಕ ಆ ದಿನ ಏನು ಮಾಡಲಾಯಿತು ಅಂತಲೂ ಬರೆಯಿರಿ: "ಅಂಗಳಕ್ಕೆ ಎರಡು ಸುತ್ತು", "ಕೂತು ಊಟ". ನೋವು ಆರು ಅಂತ ಬರೆದ ದಿನವೂ ಇವರು ಅರ್ಧ ತಾಸು ನಡೆದಿರುತ್ತಿದ್ದರು. ಗುಳಿಗೆ ಕಡಿಮೆ ಮಾಡಬಹುದೇ ಅಂತ ನಿರ್ಧರಿಸಲು ಡಾಕ್ಟರು ಆ ಸಾಲುಗಳನ್ನೇ ನೋಡಿದರು.

ಕಡಿಮೆ ಮಾಡುವುದು ಹೇಗೆ

ದಿನಗಳ ಲೆಕ್ಕ ಮೊದಲು. ಹಿಂದೆ ಯಾವತ್ತೂ ಈ ಔಷಧಿ ತಗೊಳ್ಳದವರು, ಆಪರೇಷನ್ ನಂತರ ನಾಲ್ಕೈದು ದಿನ ಮಾತ್ರ ತಗೊಂಡಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲದೆ ನಿಲ್ಲಿಸಬಹುದು. ಕೆಲವು ವಾರ ತಗೊಂಡವರಿಗೆ ವಾರಕ್ಕೆ ಸುಮಾರು ಶೇ. 10ರಷ್ಟು ಇಳಿಸುವುದು ರೂಢಿ. ವರ್ಷಕ್ಕಿಂತ ಜಾಸ್ತಿ ತಗೊಂಡವರಿಗೆ ತಿಂಗಳಿಗೆ ಶೇ. 10ರಷ್ಟು ನಿಧಾನವೂ ಬೇಕಾಗಬಹುದು. ಎಷ್ಟು ಬೇಗ ಅನ್ನುವುದನ್ನು ನೋವು, ನಿದ್ದೆ, ಗಾಯ ಮಾಗಿದ ರೀತಿ ನೋಡಿ ಡಾಕ್ಟರು ಹೇಳುತ್ತಾರೆ.

ನಮ್ಮವರು ಆ ರಾತ್ರಿಯ ನಂತರ ಡಾಕ್ಟರ ಮಾತಿನಂತೆ ಮತ್ತೆ ದಿನಕ್ಕೆ 200 ಎಂಜಿ ಟ್ರಮಡಾಲ್‌ಗೆ ಬಂದರು. ಅಲ್ಲಿಂದ ಎರಡು ವಾರಕ್ಕೊಮ್ಮೆ 25 ಎಂಜಿ ಇಳಿಸಿದರು. 50 ಎಂಜಿಯ ಸಾದಾ ಗುಳಿಗೆಯ ಅರ್ಧ ಅದು. ನಾಲ್ಕು ತಿಂಗಳಲ್ಲಿ ಮುಗಿಯಬೇಕಿತ್ತು. ನಡುವೆ ಎರಡು ಸಲ ನಿಂತಿದ್ದರಿಂದ ಐದು ತಿಂಗಳಾಯಿತು. ಇದು ಅವರ ಲೆಕ್ಕ. ನಿಮ್ಮದು ಬೇರೆಯೇ ಇರುತ್ತದೆ.

ನಾವು ಕಲಿತದ್ದು ಇಷ್ಟು. ಒಂದು ಸಲಕ್ಕೆ ಒಂದೇ ಔಷಧಿ ಇಳಿಸಿ. ನೋವಿನದ್ದು, ನಿದ್ದೆಯದ್ದು ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಒಂದು ಹೆಜ್ಜೆ ಕಷ್ಟವಾದರೆ ಫೋನ್ ಮಾಡಿ ಕೇಳಿ, ಅದೇ ಪ್ರಮಾಣದಲ್ಲಿ ಇನ್ನೊಂದು ವಾರ ನಿಲ್ಲಿ. ನಿಂತರೆ ಸೋತ ಹಾಗಲ್ಲ. ಇವರಿಗೆ ರಾತ್ರಿಯ ಗುಳಿಗೆಯನ್ನು ಕೊನೆಗೆ ಉಳಿಸಿಕೊಂಡದ್ದು ಸುಲಭವಾಯಿತು. ಎಸ್‌ಆರ್ ಅಥವಾ ಇಆರ್ ಅಂತ ಬರೆದಿರುವ ಗುಳಿಗೆಯನ್ನು ಮಾತ್ರ ಮುರಿಯಬೇಡಿ, ಅರೆಯಬೇಡಿ. ಅದು ತಾಸುಗಟ್ಟಲೆ ಮೆಲ್ಲಗೆ ಮೈಗೆ ಸೇರಬೇಕಾದ ಔಷಧಿ. ಮುರಿದರೆ ಒಮ್ಮೆಲೇ ಮೈಗೆ ಸೇರಿ ಜೀವಕ್ಕೆ ಅಪಾಯ.

ಚರ್ಮಕ್ಕೆ ಅಂಟಿಸುವ ನೋವಿನ ಔಷಧಿಯ ಪ್ಯಾಚ್ ಇದ್ದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಬಿಸಿಗೆ ಔಷಧಿ ಜಾಸ್ತಿ ಒಳಗೆ ಹೋಗುತ್ತದೆ. ತೆಗೆದ ಪ್ಯಾಚಿನಲ್ಲೂ ಔಷಧಿ ಉಳಿದಿರುತ್ತದೆ. ಅಂಟಿನ ಬದಿ ಒಳಗೆ ಬರುವ ಹಾಗೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಹಾಕಿ.

ಇನ್ನೊಂದು, ಗುಳಿಗೆ ತೀರುವ ಮೊದಲೇ ಚೀಟಿ ಇರಲಿ. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಕಾಯ್ದೆಯಡಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಡಿ, ಬಂದಿದೆ. ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್‌ನವರು ಕೊಡುವ ಹಾಗಿಲ್ಲ. ಹಾವೇರಿ, ಗದಗ ಕಡೆಯ ಹಳ್ಳಿಯವರು ಹುಬ್ಬಳ್ಳಿಗೆ ಬಂದು ತೋರಿಸಿಕೊಂಡು ಹೋಗುವವರಾದರೆ, ಶನಿವಾರ ಸಂಜೆ ಗುಳಿಗೆಯ ಪಟ್ಟಿ ಖಾಲಿಯಾಗುವ ಪರಿಸ್ಥಿತಿ ತಂದುಕೊಳ್ಳಬೇಡಿ. ಐದು ದಿನದ ಗುಳಿಗೆ ಉಳಿದಾಗಲೇ ಹೊರಡಿ.

ಕಷ್ಟದ ರಾತ್ರಿಗಳು

ಪರಿಣಾಮ ಬೇಗ ಇಳಿದುಹೋಗುವ ಔಷಧಿಗಳಲ್ಲಿ ಕೊನೆಯ ಗುಳಿಗೆಯ ನಂತರ 8ರಿಂದ 24 ತಾಸಿನೊಳಗೆ ವಿದ್‌ಡ್ರಾವಲ್ ಶುರುವಾಗುತ್ತದೆ. ಎರಡು ಮೂರನೇ ದಿನ ಜೋರು. ವಾರ, ಹತ್ತು ದಿನದಲ್ಲಿ ತಗ್ಗುತ್ತದೆ. ನಿದ್ದೆ ಸರಿಹೋಗಲು ಮಾತ್ರ ಇನ್ನೂ ಕೆಲವು ವಾರ ಬೇಕು. ಮೆಲ್ಲಗೆ ಇಳಿಸಿದವರಿಗೆ ಇದರ ನೆರಳು ಮಾತ್ರ ತಾಕುತ್ತದೆ. ಟ್ರಮಡಾಲ್ ಬಿಡುವಾಗ ಕೆಲವರಿಗೆ ಇನ್ನೂ ಬೇರೆ ಥರ ಆಗುತ್ತದೆ: ಕಾರಣವಿಲ್ಲದ ಗಾಬರಿ, ಕೈಕಾಲು ಜುಮ್ಮೆನ್ನುವುದು. ಅದು ನರಗಳ ಬೇರೆ ರಾಸಾಯನಿಕಗಳ ಮೇಲೂ ಕೆಲಸ ಮಾಡುವ ಔಷಧಿ, ಅದಕ್ಕೆ. ಹೆದರಬೇಡಿ, ಡಾಕ್ಟರಿಗೆ ಹೇಳಿ.

ಕಾಲಿನ ಚಡಪಡಿಕೆಗೆ ಬೆಚ್ಚಗಿನ ನೀರಲ್ಲಿ ಕಾಲಿಟ್ಟು ಕೂರುವುದು, ಮೀನಖಂಡ ತಿಕ್ಕುವುದು, ಮನೆಯೊಳಗೇ ನಡೆಯುವುದು ಒಳ್ಳೆಯದು. "ಮಲಕ್ಕೋರಿ ಸುಮ್ನೆ" ಅಂತ ಒತ್ತಾಯ ಮಾಡಬೇಡಿ. ನಾನು ಮಾಡಿ ತಪ್ಪು ಮಾಡಿದೆ. ಮಲಗಿದಷ್ಟೂ ಅದು ಜಾಸ್ತಿಯಾಗುತ್ತದೆ. ಬೆವರು, ಭೇದಿಗೆ ಓಆರ್‌ಎಸ್, ಉಪ್ಪು ಹಾಕಿದ ತೆಳು ಮಜ್ಜಿಗೆ ಗುಟುಕು ಗುಟುಕಾಗಿ. ಮಧ್ಯಾಹ್ನದ ಮೇಲೆ ಚಹಾ ಬೇಡ.

ಬೆವರು, ಚಡಪಡಿಕೆ ತಗ್ಗಿಸಲು ಡಾಕ್ಟರು ಕ್ಲೋನಿಡೀನ್ ಬರೆಯುವುದುಂಟು. ಅದು ಬಿಪಿ ಇಳಿಸುತ್ತದೆ. ಹಾಸಿಗೆಯಿಂದ ದಿಢೀರನೆ ಎದ್ದರೆ ಕಣ್ಣು ಕತ್ತಲೆ ಬರಬಹುದು. ಭೇದಿ ನಿಲ್ಲಿಸುವ ಗುಳಿಗೆಯನ್ನು ನೀವೇ ತರಬೇಡಿ. ಹೊಸದಾಗಿ ಜೋಡಿಸಿದ ಕರುಳು ಅದು. ಪಕ್ಕದ ಮನೆಯವರ ನಿದ್ದೆ ಗುಳಿಗೆ ಬೇಡವೇ ಬೇಡ.

ಯಾವುದು ವಿದ್‌ಡ್ರಾವಲ್, ಯಾವುದು ಅಪಾಯ?

ಈ ಆಪರೇಷನ್‌ನಲ್ಲಿ ಕಷ್ಟ ಇರುವುದು ಇಲ್ಲೇ. ಬೇರೆ ಬೇರೆ ತೊಂದರೆಗಳು ಒಂದೇ ಮುಖ ಹೊತ್ತು ಬರುತ್ತವೆ.

ಬೆವರಿ ನಡುಗುತ್ತಿದ್ದರೆ ಎಲ್ಲಕ್ಕಿಂತ ಮೊದಲು ಶುಗರ್ ನೋಡಿ. ಪ್ಯಾಂಕ್ರಿಯಾಸ್ ಬರೀ ಇನ್ಸುಲಿನ್ ಮಾಡುವುದಿಲ್ಲ, ಶುಗರ್ ಇಳಿದಾಗ ಮೇಲೆತ್ತುವ ಗ್ಲೂಕಗಾನ್ ಅನ್ನೂ ಅದೇ ಮಾಡುತ್ತದೆ. ಗ್ರಂಥಿಯೇ ಕಡಿಮೆಯಾದಾಗ ಎರಡೂ ಕಡಿಮೆ. ಇನ್ಸುಲಿನ್ ತಗೊಳ್ಳುವವರ ಶುಗರ್ ಬೇಗ ಕುಸಿಯುತ್ತದೆ, ತಾನಾಗಿ ಏಳುವುದು ನಿಧಾನ. 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಶುಗರ್ ಸರಿ ಇದೆಯೇ? ಈಗ ಜ್ವರ ನೋಡಿ. 100.4 ಡಿಗ್ರಿ ಅಥವಾ ಅದಕ್ಕಿಂತ ಮೇಲಿದ್ದರೆ ವಿದ್‌ಡ್ರಾವಲ್ ಅಂತ ಸುಮ್ಮನಿರಬೇಡಿ. ಚಳಿ ಬಂದು ನಡುಗಿ ಜ್ವರ ಬಂದರೆ, ಹೊಟ್ಟೆ ಬಿಗಿಯಾದರೆ, ಹೊಟ್ಟೆಯೊಳಗಿನ ನೀರು ಹೊರಬರಲು ಇಟ್ಟ ಡ್ರೇನ್ ಪೈಪಿನ ನೀರಿನ ಬಣ್ಣ ಬದಲಾದರೆ ಆ ರಾತ್ರಿಯೇ ಹೊರಡಿ. ಪ್ಯಾಂಕ್ರಿಯಾಸ್ ಜೋಡಿಸಿದ ಕಡೆ ಸೋರುವುದು ಈ ಆಪರೇಷನ್‌ನ ಗೊತ್ತಿರುವ ತೊಂದರೆ.

ಭೇದಿಯಾದರೆ ಬಣ್ಣ ನೋಡಿ. ನಾಚಿಕೆ ಬೇಡ. ಮಸುಕು ಬಣ್ಣ, ಎಣ್ಣೆಯ ಜಿಡ್ಡು, ಕೆಟ್ಟ ನಾತ, ನೀರು ಹಾಕಿದರೂ ತೇಲುವುದು: ಇದು ಕೊಬ್ಬು ಜೀರ್ಣವಾಗದ ಗುರುತು. ಊಟ ಜೀರ್ಣಿಸಲು ಪ್ಯಾಂಕ್ರಿಯಾಸ್ ಮಾಡುವ ಎಂಜೈಮ್ ಸಾಲುತ್ತಿಲ್ಲ. ನೀರಿನಂಥ ಭೇದಿ, ಜೊತೆಗೆ ಆಕಳಿಕೆ, ಮೂಗು ಸೋರುವುದು, ಬುಕ್ಕಿನಲ್ಲಿ ನಿನ್ನೆ ಗುಳಿಗೆ ಇಳಿಸಿದ ಗುರುತು ಇದ್ದರೆ ಅದು ಬಹುತೇಕ ವಿದ್‌ಡ್ರಾವಲ್. ಕಪ್ಪು ಡಾಂಬರಿನಂಥ ಮಲ, ರಕ್ತ ವಾಂತಿ ಆದರೆ ಒಂದು ಕ್ಷಣವೂ ಕಾಯಬೇಡಿ. ಬೆಳಗ್ಗೆ ತಿಂದದ್ದು ಸಂಜೆ ಹಾಗೇ ವಾಂತಿಯಾದರೆ ಹೊಟ್ಟೆ ಖಾಲಿಯಾಗುತ್ತಿಲ್ಲ ಅಂತ ಅರ್ಥ. ಅದೂ ಡಾಕ್ಟರಿಗೆ ತಿಳಿಯಬೇಕು. ಕಣ್ಣು ಹಳದಿಯಾಗುವುದು, ಒಂದೇ ಕಾಲು ಊದುವುದು, ಏದುಸಿರು ಬಂದರೂ ತಡ ಮಾಡದೆ ದವಾಖಾನೆಗೆ ಹೊರಡಿ.

ಇನ್ನು ಉಲ್ಟಾ ಅಪಾಯ. ಗುಳಿಗೆ ಇಳಿಸಿದ ಮೇಲೆ ಮೈ ಹಳೆಯ ಪ್ರಮಾಣ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ರಾತ್ರಿ ತಡೆಯಲಾರದೆ ಹಳೆಯಷ್ಟೇ ನುಂಗಿದರೆ ಉಸಿರು ನಿಲ್ಲಬಹುದು. ಎಬ್ಬಿಸಿದರೂ ಏಳದ ಮಂಪರು, ನಿಧಾನವಾದ ಉಸಿರು, ಸೂಜಿಮೊನೆಯಷ್ಟು ಕಣ್ಣಪಾಪೆ, ನೀಲಿಗಟ್ಟಿದ ತುಟಿ ಕಂಡರೆ ತಕ್ಷಣ 108. ಏನು ನುಂಗಿದ್ದಾರೆ ಅಂತ ಮುಚ್ಚಿಡಬೇಡಿ. ನಲೋಕ್ಸೋನ್ ಅನ್ನುವ ಮದ್ದು ಇದಕ್ಕೆಂದೇ ಇದೆ, ಗೊತ್ತಾದರೆ ಕೊಡುತ್ತಾರೆ.

ನೋವು ನಿಜವಾಗಿಯೂ ಇದ್ದರೆ

ಗುಳಿಗೆ ಬಿಡುವುದೆಂದರೆ ನೋವು ಹಲ್ಲು ಕಚ್ಚಿ ತಡೆದುಕೊಳ್ಳುವುದು ಅಂತ ಅಲ್ಲವೇ ಅಲ್ಲ. ನೋವಿದ್ದರೆ ಉಸಿರು ತುಂಬ ಎಳೆಯಲಾಗುವುದಿಲ್ಲ, ಕಫ ಕಟ್ಟುತ್ತದೆ, ನಡೆಯಲಾಗುವುದಿಲ್ಲ. ಗಡಿಯಾರ ನೋಡಿ ಕೊಡುವ ಪ್ಯಾರಾಸಿಟಮಾಲ್ ದೊಡ್ಡ ಆಸರೆ. ಆದರೆ ಲೆಕ್ಕ ಇಡಿ. ಟ್ರಮಡಾಲ್ ಜೊತೆ ಸೇರಿ ಬರುವ ಗುಳಿಗೆಗಳಲ್ಲಿ 325 ಎಂಜಿ ಪ್ಯಾರಾಸಿಟಮಾಲ್ ಇರುತ್ತದೆ. ದಿನದ ಮಿತಿ ದೊಡ್ಡವರಿಗೆ 4 ಗ್ರಾಂ, ತೂಕ ಇಳಿದವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತ ಕಡಿಮೆ. ಡೈಕ್ಲೋಫಿನಾಕ್, ಐಬುಪ್ರೊಫೇನ್ ಮಾತ್ರ ಕೇಳದೆ ನುಂಗಬೇಡಿ. ಕರುಳು ಜೋಡಿಸಿದ ಕಡೆ ಹುಣ್ಣು ಮಾಡಬಹುದು. ನರದ ನೋವಿಗೆ ಗಬಪೆಂಟಿನ್, ಪ್ರೆಗಬಾಲಿನ್ ಬರೆದಿದ್ದರೆ ಮಂಪರು ಜಾಸ್ತಿಯಾಗುತ್ತದೆಯೇ ಗಮನಿಸಿ.

ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ. ಮಂಚದಿಂದ ಏಳುವಾಗ ಮಗ್ಗುಲಾಗಿ ಏಳಿ. ಆರರಿಂದ ಎಂಟು ವಾರ ಭಾರ ಎತ್ತಬಾರದು. ನಲ್ಲಿ ನೀರು ದಿನಾ ಬರದ ನಮ್ಮೂರುಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ, ಅಲ್ವಾ? ನೀರು ಬಂದ ಕೂಡಲೇ ಕೈ ತಾನಾಗಿ ಕೊಡಕ್ಕೆ ಹೋಗುತ್ತದೆ. ತುಂಬಿದ ಕೊಡ ಹತ್ತು ಕಿಲೋಗೂ ಜಾಸ್ತಿ. ಆ ಎರಡು ತಿಂಗಳು ನೀರು ತುಂಬುವ ಕೆಲಸ ಬೇರೆಯವರಿಗೆ ಒಪ್ಪಿಸಿ.

ಒಪಿಯಾಯ್ಡ್ ತಗೊಳ್ಳುವಷ್ಟು ದಿನ ಮಲಬದ್ಧತೆ ಕಾಡುತ್ತದೆ. ಅದರ ಹೊಟ್ಟೆನೋವಿಗೆ ಮತ್ತೆ ನೋವಿನ ಗುಳಿಗೆ ನುಂಗಿ ಅದೇ ಸುತ್ತಿನಲ್ಲಿ ಸಿಕ್ಕಿಬೀಳುವವರಿದ್ದಾರೆ. ಮಲ ಮೆತ್ತಗಾಗುವ ಔಷಧಿ ಮೊದಲ ದಿನದಿಂದಲೇ ಕೇಳಿ ಬರೆಸಿಕೊಳ್ಳಿ.

ಊಟ ಮತ್ತು ಎಂಜೈಮ್

ನಮ್ಮಲ್ಲಿ ಪಥ್ಯ ಅಂದರೆ ಗಂಜಿ. ತಿಂಗಳುಗಟ್ಟಲೆ ಗಂಜಿ ಕುಡಿಸಿ ಮನುಷ್ಯನನ್ನು ಕಡ್ಡಿ ಮಾಡುತ್ತೇವೆ. ಸೊರಗಿದ ಮೈಗೆ ಗಾಯ ಮಾಯುವುದೂ ನಿಧಾನ, ವಿದ್‌ಡ್ರಾವಲ್ ತಡೆಯುವ ಶಕ್ತಿಯೂ ಇರುವುದಿಲ್ಲ. ಮೊದಲ ವಾರಗಳಲ್ಲಿ ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಇಡ್ಲಿ, ಮೊಸರು, ತಿನ್ನುವವರಿಗೆ ಮೊಟ್ಟೆ. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಜೋಳದ ರೊಟ್ಟಿ ಬೇಕೇ ಬೇಕು ಅಂದಾಗ ತೊವ್ವೆಯಲ್ಲಿ ನೆನೆಸಿದ ಬಿಸಿರೊಟ್ಟಿಯ ಒಂದು ಚೂರಿನಿಂದ ಶುರು ಮಾಡಿದೆವು. ಹಸಿ ತರಕಾರಿ, ಮಿರ್ಚಿ ಭಜಿ ಬಹಳ ತಡವಾಗಿ. ಸಾರಾಯಿ, ಬೀಡಿ, ಗುಟ್ಕಾ ಶಾಶ್ವತವಾಗಿ ಬೇಡ.

ಸಾಲದ ಎಂಜೈಮ್ ತುಂಬಿಕೊಡುವ ಕ್ಯಾಪ್ಸೂಲನ್ನು ಊಟದ ಮೊದಲ ತುತ್ತಿನ ಜೊತೆ ನುಂಗಬೇಕು. ಊಟ ಮುಗಿಸಿ ನುಂಗಿದರೆ ಅನ್ನ ಮುಂದೆ ಹೋಗಿರುತ್ತದೆ, ಔಷಧಿ ಹಿಂದೆ ಉಳಿಯುತ್ತದೆ. ಊಟ ಉದ್ದವಾದರೆ ಅರ್ಧ ಮೊದಲು, ಅರ್ಧ ನಡುವೆ. ಅಗಿಯಬೇಡಿ. ಬಿಸಿ ಚಹಾದ ಜೊತೆ ಬೇಡ, ಎಂಜೈಮ್ ಕೆಡುತ್ತದೆ. ಡಬ್ಬಿಯನ್ನು ಒಲೆಯ ಹತ್ತಿರ, ಬಿಸಿಲಿಗೆ ಇಡಬೇಡಿ. ಹಾಲು, ಚೂರು ಪೇಢೆಗೂ ಕ್ಯಾಪ್ಸೂಲ್ ಬೇಕು, ಊಟಕ್ಕಿಂತ ಕಡಿಮೆ. ಎಷ್ಟು ಯೂನಿಟ್ ಅಂತ ಡಾಕ್ಟರು ಹೇಳುತ್ತಾರೆ.

ಒಂದು ಮಾತು ಮೊದಲೇ ತಿಳಿದಿರಲಿ. ಈ ಔಷಧಿ ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡಿದ್ದು. ನಮ್ಮದು ಶಾಕಾಹಾರಿ ಮನೆ. ಅತ್ತೆಗೆ ಇದು ಗೊತ್ತಾದಾಗ ಎರಡು ದಿನ ಮಾತಾಡಲಿಲ್ಲ. ನಾವು ಇವರಿಗೇ ಬಿಟ್ಟೆವು. ಅವರು ತಗೊಳ್ಳುವುದೆಂದು ನಿರ್ಧರಿಸಿದರು. ಮನಸ್ಸು ಒಪ್ಪದಿದ್ದರೆ ಗುಟ್ಟಾಗಿ ಬಿಡಬೇಡಿ, ಡಾಕ್ಟರ ಎದುರು ಹೇಳಿ.

ಮನಸ್ಸು ಕುಸಿದಾಗ

ಮೂರನೇ ತಿಂಗಳಲ್ಲಿ ಗುಳಿಗೆ ಅರ್ಧಕ್ಕಿಳಿದಿತ್ತು, ನೋವೂ ಇಳಿದಿತ್ತು. ಆದರೆ ಇವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಇಂಥ ಹೊತ್ತಲ್ಲಿ ಮನೋವೈದ್ಯರು ಬೇಕು. ನಮ್ಮ ಕಡೆ "ಧಾರವಾಡಕ್ಕೆ ಕಳಿಸಬೇಕು" ಅನ್ನುವ ಮಾತನ್ನು ಚೇಷ್ಟೆಗೆ ಆಡುತ್ತಾರೆ. ಆ ಮಾತಿನ ಹೆದರಿಕೆಗೇ ಎಷ್ಟೋ ಮಂದಿ ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಬಾಗಿಲು ತುಳಿಯುವುದಿಲ್ಲ. ಔಷಧಿ ಬಿಡಿಸುವುದನ್ನು, ಕುಗ್ಗಿದ ಮನಸ್ಸನ್ನು ದಿನಾ ನೋಡುವ ಡಾಕ್ಟರುಗಳು ಅಲ್ಲಿದ್ದಾರೆ. ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್ ದವಾಖಾನೆಯಲ್ಲೂ ಮನೋರೋಗ ವಿಭಾಗ ಇದೆ. ಹೋಗಲಾಗದ ರಾತ್ರಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಗುಳಿಗೆಯ ಡಬ್ಬಿ ಅವರ ಹತ್ತಿರ ಇರಬಾರದು. ಮನಸ್ಸಿಗೆ ಗುಳಿಗೆ ಬರೆಯುವ ಡಾಕ್ಟರಿಗೆ ಟ್ರಮಡಾಲ್ ನಡೆದಿದೆ ಅಂತ ಹೇಳಿ. ಕೆಲವು ಗುಳಿಗೆಗಳು ಅದರ ಜೊತೆ ಸೇರಿದರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ.

ಕೊನೆಯ ಗುಳಿಗೆಯ ನಂತರ

ಕೊನೆಯ ಅರ್ಧ ಗುಳಿಗೆ ಬಿಡುವುದೇ ಎಲ್ಲಕ್ಕಿಂತ ಕಷ್ಟ ಅನ್ನುವವರು ಬಹಳ. ಇವರಿಗೂ ಹಾಗೇ ಆಯಿತು. ಮೂರು ರಾತ್ರಿ ನಿದ್ದೆ ಇಲ್ಲ, ನಾಲ್ಕನೆಯ ರಾತ್ರಿ ನಾಲ್ಕು ತಾಸು. ಮುಂದಿನ ಎರಡು ವಾರವೂ ಬುಕ್ಕು ಬರೆಯುತ್ತಿರಿ. ಅದನ್ನೇ ಹಿಡಿದು ಚೆಕಪ್‌ಗೆ ಹೋಗಿ ತೂಕ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ವಿಟಮಿನ್ ಡಿ, ಬಿ12 ಪರೀಕ್ಷೆ ಕೇಳಿ. ಮುಂದೆ ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ಈ ಕತೆ ಹೇಳಬೇಕು.

ನಮ್ಮ ಡಬ್ಬಿಯಲ್ಲಿ ಹನ್ನೊಂದು ಗುಳಿಗೆ ಉಳಿದಿದ್ದವು. ಇರಲಿ, ಮುಂದೆ ಬೇಕಾದೀತು ಅನ್ನಿಸಿತು. ಆದರೆ ಈಗ ಆ ಪ್ರಮಾಣವನ್ನು ಇವರ ಮೈ ತಡೆಯುವುದಿಲ್ಲ, ಮನೆಯಲ್ಲಿ ಮಕ್ಕಳೂ ಇದ್ದಾರೆ. ಔಷಧಿ ಕೊಟ್ಟ ದವಾಖಾನೆಯವರು ವಾಪಸ್ ತಗೊಳ್ಳುತ್ತಾರೆಯೇ ಅಂತ ಕೇಳಿದೆವು, ತಗೊಳ್ಳಲಿಲ್ಲ. ಕೊನೆಗೆ ಪಟ್ಟಿಯಿಂದ ಬಿಡಿಸಿ, ಬಳಸಿದ ಚಹಾಪುಡಿಯಲ್ಲಿ ಕಲೆಸಿ, ಕವರಿನ ಬಾಯಿ ಬಿಗಿದು ಕಸದ ಗಾಡಿಗೆ ಹಾಕಿದೆವು. ಬೆಳಗ್ಗೆ ಗಾಡಿ ಬಂದಾಗ ಕವರು ಹಿಡಿದು ಗೇಟಿನವರೆಗೆ ನಡೆದು ಹೋಗಿ ಹಾಕಿ ಬಂದವರು ಅವರೇ.